ಹಳೇ ಟ್ರ್ಯಾಕ್ಟರ್ ಎಳೆಯುತ್ತಿಲ್ಲ, ಹ್ಯಾಂಡಲ್ ಒದೆಯುತ್ತಿದೆ: ಟೈಮಿಂಗ್ ಮುಟ್ಟುವ ಮೊದಲು ಪಾಯಿಂಟ್ ನೋಡಿ

ನನ್ನ ಬಲಗೈ ಮಣಿಕಟ್ಟು ಮೂರು ದಿನ ಊದಿಕೊಂಡಿತ್ತು. ತಪ್ಪು ನನ್ನದೇ. ನಾಲ್ಕು ಸಿಲಿಂಡರಿನ ಹಳೇ ಪೆಟ್ರೋಲ್ ಟ್ರ್ಯಾಕ್ಟರ್ ಅದು. ಸ್ಟಾರ್ಟ್ ಆಗುವುದಕ್ಕೆ ಏನೂ ತಕರಾರಿರಲಿಲ್ಲ. ಆದರೆ ಅರ್ಧ ಗಂಟೆ ನೇಗಿಲು ಎಳೆದರೆ ಸಾಕು, ಉಸಿರು ಕಟ್ಟಿದ ಹಾಗೆ ಸೋಲುತ್ತಿತ್ತು, ರೇಡಿಯೇಟರ್ ಕುದಿಯುತ್ತಿತ್ತು, ಕತ್ತಲಾದ ಮೇಲೆ ನೋಡಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮಂಕಾಗಿ ಕೆಂಪಗೆ ಕಾಣುತ್ತಿತ್ತು. ಟೈಮಿಂಗ್, ಅಂದರೆ ಪ್ಲಗ್ಗಿನಲ್ಲಿ ಕಿಡಿ ಬೀಳುವ ಹೊತ್ತು, ಹಿಂದೆ ಬಿದ್ದಿದೆ ಅಂತ, ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಲ್ಯಾಂಪ್ ಸಡಿಲ ಮಾಡಿ ಅದನ್ನು ಒಂಚೂರು ತಿರುಗಿಸಿದೆ. ಸರಿಹೋಯಿತು. ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಮತ್ತೆ ಒಂಚೂರು ತಿರುಗಿಸಿದೆ. ಹೀಗೆ ನಾಲ್ಕು ಸಲ. ಆಮೇಲೆ ಒಂದು ದಿನ, ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಪಾಯಿಂಟ್ ಸೆಟ್ ಹಳೇದಾಯಿತು ಅಂತ ಹೊಸದು ಹಾಕಿ, ಅದು ತೆರೆದಾಗಿನ ಗ್ಯಾಪ್ ಸರಿಯಾಗಿ ಇಟ್ಟು, ಖುಷಿಯಿಂದ ಹ್ಯಾಂಡಲ್ ಹೊಡೆದೆ. ಹ್ಯಾಂಡಲ್ ತಿರುಗಿ ಒದೆಯಿತು.

ಆಗಿದ್ದು ಇಷ್ಟೇ. ಪಾಯಿಂಟಿನಲ್ಲಿ ಕ್ಯಾಮ್ ಮೇಲೆ, ಅಂದರೆ ತಿರುಗುತ್ತಾ ಪಾಯಿಂಟ್ ತೆರೆಯಿಸುವ ಉಬ್ಬುಗಳ ಮೇಲೆ, ಉಜ್ಜುವ ಒಂದು ಫೈಬರ್ ತುಂಡು ಇರುತ್ತದಲ್ಲ, ಅದಕ್ಕೆ ಗ್ರೀಸ್ ಇರಲಿಲ್ಲ, ಒಣ ಕ್ಯಾಮ್ ಮೇಲೆ ಸವೆಯುತ್ತಾ ಹೋಗಿತ್ತು. ಅದು ಸವೆದಷ್ಟೂ ಪಾಯಿಂಟ್ ಗ್ಯಾಪ್ ಕಡಿಮೆಯಾಗುತ್ತದೆ. ಗ್ಯಾಪ್ ಕಡಿಮೆಯಾದರೆ ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿ ತಡವಾಗಿ ಬರುತ್ತದೆ. ನಾನು ಆ ತಡವನ್ನು ಡಿಸ್ಟ್ರಿಬ್ಯೂಟರ್ ತಿರುಗಿಸಿ ಸರಿದೂಗಿಸುತ್ತಾ ಬಂದಿದ್ದೆ. ಹೊಸ ಪಾಯಿಂಟ್ ಹಾಕಿದ ಕೂಡಲೇ ಗ್ಯಾಪ್ ಮೊದಲಿನಷ್ಟಾಯಿತು, ಆದರೆ ನಾನು ನಾಲ್ಕು ಸಲ ತಿರುಗಿಸಿದ್ದು ಹಾಗೇ ಉಳಿದಿತ್ತು. ಅಷ್ಟೂ ಅಡ್ವಾನ್ಸ್, ಅಂದರೆ ಕಿಡಿ ಮುಂಚೆ ಬೀಳುವುದು, ಒಂದೇ ಏಟಿಗೆ ನನ್ನ ಮಣಿಕಟ್ಟಿನ ಮೇಲೆ ಬಂತು.

ಅದಕ್ಕೇ ಹೇಳುತ್ತಿದ್ದೇನೆ, ಟೈಮಿಂಗ್ ತಾನಾಗಿ ಓಡಿಹೋಗುವುದಿಲ್ಲ. ಕ್ಲ್ಯಾಂಪ್ ಬೋಲ್ಟ್ ಬಿಗಿ ಇದ್ದು, ಯಾರೂ ಬಿಚ್ಚಿಲ್ಲ ಅಂದಮೇಲೆ ಅದು ಯಾಕೆ ಬದಲಾಯಿತು ಅಂತ ಮೊದಲು ಕೇಳಿಕೊಳ್ಳಿ. ಹತ್ತರಲ್ಲಿ ಎಂಟು ಸಲ ಉತ್ತರ ಪಾಯಿಂಟಿನಲ್ಲೇ ಇರುತ್ತದೆ, ಇದು ನನ್ನ ಅಂದಾಜು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಪ್ಲಗ್ ಇರುವ ಎಂಜಿನ್ನಿನ ವಿಷಯ, ಅಂದರೆ ಪೆಟ್ರೋಲ್ ಅಥವಾ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ಬದಲಿಸುವ ಹಳೇ ಟ್ರ್ಯಾಕ್ಟರ್. ಡೀಸೆಲ್ ಆದರೆ ಅಲ್ಲಿ ಕಿಡಿಯೇ ಇಲ್ಲ, ಪಂಪ್ ಟೈಮಿಂಗ್ ನೋಡಬೇಕು, ಅದು ಬೇರೆ ಕೆಲಸ.

ರೋಗ ಯಾವುದು ಅಂತ ಮೊದಲು ಗೊತ್ತುಮಾಡಿಕೊಳ್ಳಿ

ಕಿಡಿ ತಡವಾಗಿ ಬೀಳುತ್ತಿದ್ದರೆ, ಅಂದರೆ ರಿಟಾರ್ಡ್ ಆಗಿದ್ದರೆ, ಎಂಜಿನ್ ಸುಲಭವಾಗಿ ಸ್ಟಾರ್ಟ್ ಆಗುತ್ತದೆ, ಸ್ಲೋದಲ್ಲಿ ಮೆತ್ತಗೆ ಓಡುತ್ತದೆ. ಲೋಡ್ ಕೊಟ್ಟರೆ ಮಾತ್ರ ಬಂಡವಾಳ ಬಯಲಾಗುತ್ತದೆ. ಎಳೆತ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ನೀರು ಕುದಿಯುತ್ತದೆ, ಸೈಲೆನ್ಸರಿನಲ್ಲಿ ಆಗಾಗ ಪಟ್ ಪಟ್ ಅನ್ನುತ್ತದೆ. ಪಿಸ್ಟನ್ ಕೆಳಗಿಳಿಯುವಾಗಲೂ ಮಿಶ್ರಣ ಇನ್ನೂ ಉರಿಯುತ್ತಿರುತ್ತದೆ, ಆ ಬೆಂಕಿ ಪಿಸ್ಟನ್ನಿಗೆ ಉಪಯೋಗವಾಗದೆ ಎಕ್ಸಾಸ್ಟಿಗೆ ಹೋಗುತ್ತದೆ. ಮ್ಯಾನಿಫೋಲ್ಡ್ ಕೆಂಪಾಗುವುದು ಇದರಿಂದಲೇ.

ಅಡ್ವಾನ್ಸ್ ಜಾಸ್ತಿಯಾಗಿದ್ದರೆ ಉಲ್ಟಾ. ಹ್ಯಾಂಡಲ್ ಒದೆಯುತ್ತದೆ, ಸೆಲ್ಫ್ ಇದ್ದರೆ ಅದು ಒಂದು ಕ್ಷಣ ತಡೆದು ನಿಂತು ಆಮೇಲೆ ತಿರುಗುತ್ತದೆ, ಬಿಸಿ ಎಂಜಿನ್ನಿನಲ್ಲಿ ಇದು ಇನ್ನೂ ಜೋರು. ಲೋಡ್ ಬಿದ್ದಾಗ ಒಳಗಿನಿಂದ ಕಟಕಟ ಅಂತ ಸದ್ದು ಬರುತ್ತದೆ, ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ. ಆ ಸದ್ದು ಕೇಳಿಯೂ ಓಡಿಸುತ್ತಾ ಹೋದರೆ ಪಿಸ್ಟನ್ ತೂತಾಗಬಹುದು. ಸೀಮೆಎಣ್ಣೆಯಲ್ಲಿ ಓಡುವಾಗ ಇದು ಇನ್ನೂ ಬೇಗ ಶುರುವಾಗುತ್ತದೆ, ಯಾಕೆಂದರೆ ಸೀಮೆಎಣ್ಣೆಗೆ ಪೆಟ್ರೋಲಿನಷ್ಟು ತಾಳಿಕೆ ಇಲ್ಲ.

ಇಲ್ಲೊಂದು ಮೋಸ ಇದೆ. ಕಾರ್ಬ್ಯುರೇಟರ್ ಜೆಟ್ಟಿನಲ್ಲಿ ಕಸ ಸೇರಿ ಪೆಟ್ರೋಲ್ ಕಡಿಮೆ ಬರುತ್ತಿದ್ದರೂ ಎಳೆತ ಹೋಗುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಕಾರ್ಬ್ಯುರೇಟರಿನಿಂದ ವಾಪಸ್ ಫಟ್ ಅಂತ ಹೊಡೆಯುತ್ತದೆ. ಥೇಟ್ ಟೈಮಿಂಗ್ ತೊಂದರೆಯ ಹಾಗೇ ಕಾಣುತ್ತದೆ. ಪರೀಕ್ಷೆ ಸುಲಭ. ಲೋಡಿನಲ್ಲಿ ಸೋಲುತ್ತಿರುವಾಗ ಚೋಕ್ ಸ್ವಲ್ಪ ಎಳೆದು ನೋಡಿ. ಎಂಜಿನ್ ಚೇತರಿಸಿಕೊಂಡರೆ ಅದು ಪೆಟ್ರೋಲ್ ತೊಂದರೆ, ಡಿಸ್ಟ್ರಿಬ್ಯೂಟರ್ ಕಡೆ ಕೈ ಹಾಕಬೇಡಿ. ಏನೂ ಬದಲಾಗದಿದ್ದರೆ ಅಥವಾ ಇನ್ನೂ ಕೆಟ್ಟರೆ ಮುಂದೆ ಓದಿ.

ಇನ್ನೊಂದು, ನಿನ್ನೆಯವರೆಗೆ ಚೆನ್ನಾಗಿದ್ದು ಪ್ಲಗ್ ಬದಲಾಯಿಸಿದ ಮೇಲೆ ಕೆಟ್ಟಿತಾ? ಹಾಗಾದರೆ ವೈರ್ ಅದಲುಬದಲಾಗಿದೆ. ಫರ್ಗುಸನ್ ಟಿಇ20, ಫಾರ್ಮಾಲ್ ಎಚ್ ಇಂಥವುಗಳಲ್ಲಿ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಲ್ಲಿ ಕಿಡಿ ಬೀಳುವ ಸರದಿ, 1-3-4-2. ಫೋರ್ಡ್ 9ಎನ್, 2ಎನ್, 8ಎನ್‌ಗಳಲ್ಲಿ 1-2-4-3. ಒಂದರಲ್ಲಿ ಕೈ ಪಳಗಿದವರು ಇನ್ನೊಂದಕ್ಕೆ ಅದೇ ಅಭ್ಯಾಸದಲ್ಲಿ ವೈರ್ ಹಾಕಿ ಇಡೀ ದಿನ ತಲೆ ಕೆರೆದುಕೊಳ್ಳುವುದು ಹೊಸದೇನಲ್ಲ. ಜಾನ್ ಡಿಯರ್‌ನ ಹಳೇ ಎರಡು ಸಿಲಿಂಡರಿನವು ಇನ್ನೂ ವಿಚಿತ್ರ, ಒಂದು ಹೊಡೆತ ಆದ 180 ಡಿಗ್ರಿಗೆ ಎರಡನೆಯದು, ಆಮೇಲೆ 540 ಡಿಗ್ರಿ ಸುಮ್ಮನಿರುತ್ತದೆ. ಅದರ ಕುಂಟು ಸದ್ದು ಕೇಳಿ ಮಿಸ್ ಹೊಡೆಯುತ್ತಿದೆ ಅಂದುಕೊಳ್ಳಬೇಡಿ, ಅದರ ಸ್ವಭಾವವೇ ಅದು.

ಕಿಡಿ ಯಾಕೆ ಮುಂಚೆ ಬೇಕು

ಮಿಶ್ರಣ ಒಂದೇ ಕ್ಷಣದಲ್ಲಿ ಸ್ಫೋಟ ಆಗುವುದಿಲ್ಲ, ಉರಿಯುತ್ತಾ ಹರಡುತ್ತದೆ, ಅದಕ್ಕೆ ಹೊತ್ತು ಬೇಕು. ಒತ್ತಡ ಗರಿಷ್ಠ ಆಗಬೇಕಾದ್ದು ಪಿಸ್ಟನ್ ಮೇಲಿನ ತುದಿ ದಾಟಿ ಕೆಳಗೆ ಹೊರಟ ಸ್ವಲ್ಪ ಹೊತ್ತಿಗೆ, ಸುಮಾರು 10ರಿಂದ 20 ಡಿಗ್ರಿಯ ಒಳಗೆ. ಹಾಗಾಗಿ ಕಿಡಿ ಪಿಸ್ಟನ್ ಮೇಲೆ ಬರುವ ಮುಂಚೆಯೇ ಬೀಳಬೇಕು. ಲೆಕ್ಕ ಹಾಕಿ ನೋಡಿ. 400 ಆರ್‌ಪಿಎಂನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್ನುಗಳು ತಿರುಗಿಸುವ ಶಾಫ್ಟ್, ಒಂದು ಸೆಕೆಂಡಿಗೆ 2400 ಡಿಗ್ರಿ ತಿರುಗುತ್ತದೆ, ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಎರಡೂವರೆ ಡಿಗ್ರಿ ಕೂಡ ಇಲ್ಲ. 2000 ಆರ್‌ಪಿಎಂನಲ್ಲಿ ಅದೇ ಹೊತ್ತಿಗೆ 12 ಡಿಗ್ರಿ. ಉರಿಯುವ ಹೊತ್ತು ಅಷ್ಟೊಂದು ಬದಲಾಗುವುದಿಲ್ಲ, ಆದರೆ ಎಂಜಿನ್ ಓಡುವ ವೇಗ ಬದಲಾಗುತ್ತದೆ. ಅದಕ್ಕೇ ಡಿಸ್ಟ್ರಿಬ್ಯೂಟರ್ ಒಳಗೆ ಎರಡು ತೂಕದ ತುಂಡು, ಎರಡು ಸ್ಪ್ರಿಂಗ್ ಇಟ್ಟಿರುತ್ತಾರೆ. ವೇಗ ಏರಿದಂತೆ ತೂಕಗಳು ಹೊರಕ್ಕೆ ಹೋಗಿ ಕ್ಯಾಮನ್ನು ಮುಂದೆ ತಳ್ಳುತ್ತವೆ.

ಈ ತೂಕಗಳು ತುಕ್ಕು ಹಿಡಿದು ಅಂಟಿಕೊಂಡಿದ್ದರೆ ನೀವು ಸ್ಲೋದಲ್ಲಿ ಎಷ್ಟು ಚೆನ್ನಾಗಿ ಟೈಮಿಂಗ್ ಇಟ್ಟರೂ ವೇಗದಲ್ಲಿ ರಿಟಾರ್ಡ್ ಆಗಿಯೇ ಇರುತ್ತದೆ. ನೋಡುವುದು ಹೀಗೆ: ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗೆ ತಿರುಗುವ ರೋಟರನ್ನು ಬೆರಳಲ್ಲಿ ಹಿಡಿದು ಅದು ತಿರುಗುವ ದಿಕ್ಕಿಗೆ ಮೆಲ್ಲಗೆ ತಿರುಚಿ, ಬಿಡಿ. ಸ್ವಲ್ಪ ಹೋಗಿ, ಸ್ಪ್ರಿಂಗ್ ಎಳೆದು ಟಕ್ ಅಂತ ವಾಪಸ್ ಬರಬೇಕು. ಹೋಗಲೇ ಇಲ್ಲ, ಅಥವಾ ಹೋದದ್ದು ಅಲ್ಲೇ ಉಳಿಯಿತು ಅಂದರೆ ಬಿಚ್ಚಿ ಸ್ವಚ್ಛ ಮಾಡಿ, ಒಂದು ಹನಿ ತೆಳು ಎಣ್ಣೆ ಬಿಡಿ. ಅಂದಹಾಗೆ ಎಲ್ಲ ಡಿಸ್ಟ್ರಿಬ್ಯೂಟರಿನಲ್ಲೂ ಈ ವ್ಯವಸ್ಥೆ ಇರುತ್ತದೆ ಅಂತಿಲ್ಲ, ಬಿಚ್ಚಿದಾಗ ತೂಕ ಕಾಣದಿದ್ದರೆ ಗಾಬರಿ ಬೇಡ.

ಪಾಯಿಂಟ್: ಇಲ್ಲಿ ಅವಸರ ಬೇಡ

ಬ್ಯಾಟರಿ ವೈರ್ ಬಿಚ್ಚಿ. ಕ್ಯಾಪ್ ತೆಗೆಯಿರಿ, ರೋಟರ್ ಎತ್ತಿ. ಎಂಜಿನ್ನನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ನಾಲ್ಕೂ ಪ್ಲಗ್ ಬಿಚ್ಚಿಬಿಟ್ಟರೆ ಹಗುರವಾಗಿ ತಿರುಗುತ್ತದೆ, ಒದೆಯುವ ಭಯವೂ ಇಲ್ಲ. ಫೈಬರ್ ತುಂಡು ಕ್ಯಾಮಿನ ಉಬ್ಬಿನ ತುತ್ತತುದಿಗೆ ಬಂದಾಗ ನಿಲ್ಲಿಸಿ. ಗ್ಯಾಪ್ ಅಳೆಯುವುದು ಅಲ್ಲೇ, ಅರ್ಧ ತೆರೆದಾಗ ಅಲ್ಲ.

ಈಗ ಟಾರ್ಚ್ ಹಾಕಿ ಎರಡೂ ಮುಖ ನೋಡಿ. ಒಂದರ ಮೇಲೆ ಸಣ್ಣ ಗುಬ್ಬಿ, ಎದುರಿನದರಲ್ಲಿ ಅದಕ್ಕೆ ತಕ್ಕ ಗುಂಡಿ ಕಾಣುತ್ತಿದೆಯಾ? ಹಾಗಿದ್ದರೆ ಗ್ಯಾಪ್ ಅಳೆಯುವ ಫೀಲರ್ ಗೇಜ್ ಸುಳ್ಳು ಹೇಳುತ್ತದೆ. ಗೇಜಿನ ಚಪ್ಪಟೆ ಎಲೆ ಗುಬ್ಬಿಯ ತಲೆಯ ಮೇಲೆ ಕೂರುತ್ತದೆ, ಗುಂಡಿಯ ಆಳ ಅದಕ್ಕೆ ಗೊತ್ತೇ ಆಗುವುದಿಲ್ಲ, ನಿಜವಾದ ಗ್ಯಾಪ್ ನೀವು ಅಳೆದದ್ದಕ್ಕಿಂತ ಜಾಸ್ತಿ ಇರುತ್ತದೆ. ಸಣ್ಣ ಅರದಿಂದ ಗುಬ್ಬಿಯನ್ನು ತಟ್ಟೆ ಮಾಡಬಹುದು, ಗುಂಡಿ ಪೂರ್ತಿ ಹೋಗುವವರೆಗೆ ಉಜ್ಜಬೇಕಿಲ್ಲ. ಎಮರಿ ಪೇಪರ್ ಮಾತ್ರ ಬೇಡ. ಅದರ ಕಾಳು ಲೋಹದಲ್ಲಿ ಸಿಕ್ಕಿಕೊಂಡು ಆಮೇಲೆ ಪಾಯಿಂಟ್ ಸುಡುತ್ತದೆ. ಪಾಯಿಂಟ್ ಪದೇಪದೇ ಸುಟ್ಟು ಕಪ್ಪಾಗುತ್ತಿದ್ದರೆ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಮೇಲೆ ಅನುಮಾನ ಪಡಿ. ಅಥವಾ ಯಾರೋ 6 ವೋಲ್ಟಿನ ಟ್ರ್ಯಾಕ್ಟರಿಗೆ 12 ವೋಲ್ಟ್ ಬ್ಯಾಟರಿ ಹಾಕಿ, ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್ ಹಳೇದನ್ನೇ ಬಿಟ್ಟು, ರೆಸಿಸ್ಟರ್ ಹಾಕುವುದು ಮರೆತಿರುತ್ತಾರೆ.

ಗ್ಯಾಪ್ ಎಷ್ಟು ಅನ್ನುವುದು ಎಂಜಿನ್ ಮೇಲಲ್ಲ, ಡಿಸ್ಟ್ರಿಬ್ಯೂಟರ್ ಮೇಲೆ ಹೋಗುತ್ತದೆ. ಒಳ್ಳೇ ಉದಾಹರಣೆ ಫೋರ್ಡ್ 8ಎನ್. ಮೊದಲು ಬಂದವುಗಳಲ್ಲಿ ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಮುಂದೆ ಇದೆ, ಅದಕ್ಕೆ 0.015 ಇಂಚು, ಅಂದರೆ 0.38 ಮಿ.ಮೀ. 1950ರಲ್ಲಿ ಅದನ್ನು ಪಕ್ಕಕ್ಕೆ ತಂದರು, ಅದಕ್ಕೆ 0.025 ಇಂಚು, ಹತ್ತಿರಹತ್ತಿರ 0.64 ಮಿ.ಮೀ. ಒಂದೇ ಹೆಸರಿನ ಟ್ರ್ಯಾಕ್ಟರ್, ಎರಡು ಗ್ಯಾಪ್. ಮುಂದಿರುವುದಕ್ಕೆ ಪಕ್ಕದ್ದರ ಲೆಕ್ಕ ಹಾಕಿದರೆ ಅಡ್ವಾನ್ಸ್ ಜಾಸ್ತಿಯಾಗಿ, ನನ್ನ ಮಣಿಕಟ್ಟಿಗೆ ಆದದ್ದೇ ನಿಮ್ಮದಕ್ಕೂ ಆಗಬಹುದು. ನಿಮ್ಮ ಡಿಸ್ಟ್ರಿಬ್ಯೂಟರ್ ಅಥವಾ ಮ್ಯಾಗ್ನೆಟೋ (ಬ್ಯಾಟರಿ ಇಲ್ಲದೆ ತಾನೇ ಕಿಡಿ ಹುಟ್ಟಿಸುವ ಉಪಕರಣ) ಮೇಲಿನ ನಂಬರ್ ಪ್ಲೇಟ್ ಒರೆಸಿ ಓದಿ, ಅದರ ಲೆಕ್ಕವನ್ನೇ ಹಿಡಿಯಿರಿ.

ಗೇಜ್ ಎಲೆ ಒಳಗೆ ಹೋಗುವಾಗ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಒಂದೇ ಸಮನಾದ ಸಣ್ಣ ತಡೆ ಸಿಗಬೇಕು. ಪಾಯಿಂಟನ್ನು ತಳ್ಳಿ ಒಳಗೆ ಹೋಗಬಾರದು. ಸ್ಕ್ರೂ ಬಿಗಿ ಮಾಡುವಾಗ ಪ್ಲೇಟ್ ಜರುಗುತ್ತದೆ, ಆದ್ದರಿಂದ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಆಮೇಲೆ ಎಂಜಿನ್ ತಿರುಗಿಸಿ ಉಳಿದ ಮೂರು ಉಬ್ಬಿನಲ್ಲೂ ಅಳೆಯಿರಿ. ಒಂದೊಂದರಲ್ಲಿ ಒಂದೊಂದು ಅಳತೆ ಬಂದರೆ ಶಾಫ್ಟಿನ ಬುಷ್ ಸವೆದಿದೆ. ರೋಟರ್ ಕೂರುವ ಶಾಫ್ಟನ್ನು ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ ನೋಡಿ, ಕೈಗೆ ಆಟ ಗೊತ್ತಾದರೆ ಅದನ್ನು ಸರಿಮಾಡಿಸುವವರೆಗೆ ಟೈಮಿಂಗ್ ಒಂದು ಕಡೆ ನಿಲ್ಲುವುದಿಲ್ಲ. ಪ್ರತಿ ಸಿಲಿಂಡರಿಗೂ ಒಂದೊಂದು ಟೈಮಿಂಗ್ ಅಂದುಕೊಳ್ಳಿ.

ಕೊನೆಗೆ ಒಂದು ಬಿಳಿ ಕಾಗದದ ಪಟ್ಟಿ. ಫೀಲರ್ ಗೇಜಿಗೆ ಎಣ್ಣೆ ಸವರಿಟ್ಟಿರುತ್ತಾರೆ, ಹೊಸ ಪಾಯಿಂಟಿಗೂ ತುಕ್ಕು ಹಿಡಿಯದಿರಲಿ ಅಂತ ಏನೋ ಬಳಿದಿರುತ್ತಾರೆ. ಆ ತೆಳು ಪದರ ಸಾಕು, ಕಿಡಿಯೇ ಬರುವುದಿಲ್ಲ. ಪಾಯಿಂಟ್ ಮುಚ್ಚಿದಾಗ ನಡುವೆ ಕಾಗದ ಇಟ್ಟು ಎಳೆಯಿರಿ. ಮೊದಲ ಸಲ ಬೂದು ಗೆರೆ ಬರುತ್ತದೆ. ಗೆರೆ ಬಾರದವರೆಗೆ ಎಳೆಯುತ್ತಿರಿ. ಫೈಬರ್ ತುಂಡಿನ ಪಕ್ಕ ಕ್ಯಾಮಿಗೆ ಅಕ್ಕಿಕಾಳಿನಷ್ಟು ಗ್ರೀಸ್ ಹಚ್ಚಿ. ಜಾಸ್ತಿ ಹಚ್ಚಿದರೆ ಅದು ಚಿಮ್ಮಿ ಪಾಯಿಂಟ್ ಮೇಲೆ ಬೀಳುತ್ತದೆ, ಮತ್ತೆ ಕಾಗದ ಹುಡುಕಬೇಕಾಗುತ್ತದೆ.

ಒಂದನೇ ಸಿಲಿಂಡರ್ ಎಲ್ಲಿದೆ?

ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ, ಒಂದು ಕಂಪ್ರೆಷನ್ನಿಗೆ, ಒಂದು ಹೊಗೆ ಹೊರಹಾಕುವುದಕ್ಕೆ. ಕ್ರ್ಯಾಂಕಿನ ತುದಿಯ ಭಾರದ ಚಕ್ರ, ಅಂದರೆ ಫ್ಲೈವೀಲಿನ ಮೇಲಿರುವ ಟೈಮಿಂಗ್ ಗುರುತು ಎರಡೂ ಸಲ ಕಾಣುತ್ತದೆ. ತಪ್ಪಿದ ಸಲದಲ್ಲಿ ಟೈಮಿಂಗ್ ಇಟ್ಟರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಸುಮ್ನೆ ಸೈಲೆನ್ಸರಿನಲ್ಲೋ ಕಾರ್ಬ್ಯುರೇಟರಿನಲ್ಲೋ ಕೆಮ್ಮುತ್ತದೆ.

ಒಂದನೇ ಪ್ಲಗ್ಗಿನ ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಇನ್ನೊಬ್ಬರಿಗೆ ಎಂಜಿನ್ ನಿಧಾನಕ್ಕೆ ತಿರುಗಿಸಲು ಹೇಳಿ. ಗಾಳಿ ಹೆಬ್ಬೆರಳನ್ನು ಹೊರಗೆ ನೂಕಿದರೆ ಅದು ಕಂಪ್ರೆಷನ್. ಒಬ್ಬರೇ ಇದ್ದರೆ, ಟ್ಯಾಪೆಟ್ ಕವರ್ ಬಿಚ್ಚುವುದು ಸುಲಭ ಇದ್ದರೆ, ನಾಲ್ಕನೇ ಸಿಲಿಂಡರಿನ ವಾಲ್ವ್ ನೋಡಿ. ಅಲ್ಲಿ ಒಂದು ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ ಇದ್ದರೆ ಒಂದನೆಯದು ಕಂಪ್ರೆಷನ್ ತುದಿಯಲ್ಲಿದೆ ಅಂತ ಅರ್ಥ. ಆರ್ಡರ್ 1-3-4-2 ಇರಲಿ, 1-2-4-3 ಇರಲಿ, ಇದು ಬದಲಾಗುವುದಿಲ್ಲ.

ಗುರುತು ಹುಡುಕುವುದೇ ಅರ್ಧ ಕೆಲಸ. ಫ್ಲೈವೀಲ್ ಹೌಸಿಂಗಿನಲ್ಲಿ ಸಣ್ಣ ಕಿಂಡಿ, ಅದರ ಮೇಲೆ ತಗಡಿನ ಮುಚ್ಚಳ. ತೆಗೆದರೆ ಒಳಗೆ ಎಣ್ಣೆ, ಧೂಳು, ಕ್ಲಚ್ಚಿನ ಪುಡಿ ಸೇರಿ ಗಟ್ಟಿಯಾದ ಕಪ್ಪು ಪದರ. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯನ್ನು ಕಡ್ಡಿಗೆ ಸುತ್ತಿ ಒರೆಸುತ್ತಾ, ಎಂಜಿನ್ನನ್ನು ಒಂದೊಂದು ಗೇಣು ತಿರುಗಿಸುತ್ತಾ ಹೋಗಬೇಕು. ಎಲ್ಲೋ ಒಂದು ಕಡೆ ಉಳಿಯಿಂದ ಹೊಡೆದ ತೆಳು ಗೆರೆ ಸಿಗುತ್ತದೆ. ಒಂದಕ್ಕಿಂತ ಹೆಚ್ಚು ಗೆರೆ ಇದ್ದರೆ ಯಾವುದು ಪಿಸ್ಟನ್ನಿನ ಮೇಲಿನ ತುದಿ, ಯಾವುದು ಕಿಡಿಯದು ಅಂತ ಆ ಟ್ರ್ಯಾಕ್ಟರಿನ ಪುಸ್ತಕ ನೋಡಿ ಖಚಿತ ಮಾಡಿಕೊಳ್ಳಿ. ಸಿಕ್ಕ ಗೆರೆಗೆ ಚಾಕ್‌ಪೀಸ್ ಉಜ್ಜಿ ಬೆರಳಲ್ಲಿ ಒರೆಸಿದರೆ ಗೆರೆಯೊಳಗೆ ಬಿಳಿ ಉಳಿಯುತ್ತದೆ, ಆಮೇಲೆ ಕಣ್ಣಿಗೆ ಕಷ್ಟ ಇಲ್ಲ.

ಗುರುತೇ ಸಿಗದಿದ್ದರೆ, ಅಥವಾ ಗುರುತಿದ್ದ ಕ್ರ್ಯಾಂಕ್ ಪುಲ್ಲಿಯನ್ನು ಯಾರೋ ಬದಲಾಯಿಸಿದ್ದರೆ, ನೀವೇ ಮಾಡಿಕೊಳ್ಳಬಹುದು. ಪ್ಲಗ್ ಪಿಸ್ಟನ್ನಿನ ನೇರ ಮೇಲೆ ಇರುವ ಎಂಜಿನ್ನಿನಲ್ಲಿ, ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಆ ಕವಚದಲ್ಲಿ ಬೋಲ್ಟ್ ಕೂರಿಸಿ ಒಂದು ತಡೆ ಮಾಡಿ. ಕೈಯಲ್ಲಿ ಮೆಲ್ಲಗೆ ಒಂದು ಕಡೆ ತಿರುಗಿಸಿ, ಪಿಸ್ಟನ್ ತಡೆಗೆ ತಾಗಿದಲ್ಲಿ ಪುಲ್ಲಿ ಮೇಲೆ ಗೆರೆ. ಇನ್ನೊಂದು ಕಡೆ ತಿರುಗಿಸಿ, ತಾಗಿದಲ್ಲಿ ಮತ್ತೊಂದು ಗೆರೆ. ಎರಡರ ನಟ್ಟನಡುವೆ ಮೇಲಿನ ತುದಿ. ಸೆಲ್ಫ್ ಮುಟ್ಟಲೇಬೇಡಿ, ಪಿಸ್ಟನ್ ಹೋಗುತ್ತದೆ. ವಾಲ್ವ್ ಸಿಲಿಂಡರಿನ ಪಕ್ಕದಲ್ಲಿರುವ ಎಂಜಿನ್ನಿನಲ್ಲಿ ಪ್ಲಗ್ ಪಿಸ್ಟನ್ನಿನ ಮೇಲೇ ಇರುತ್ತದೆ ಅಂತ ನಂಬಬೇಡಿ, ಅಲ್ಲಿ ತಂತಿ ಕಡ್ಡಿ ತೂರಿಸುವ ಸಾಹಸವೂ ಬೇಡ. ಡಿಗ್ರಿಯನ್ನು ಮಿಲಿಮೀಟರ್ ಮಾಡುವುದು ಸುಲಭ: ಪುಲ್ಲಿಯ ಸುತ್ತಳತೆಯನ್ನು 360ರಿಂದ ಭಾಗಿಸಿ. 150 ಮಿ.ಮೀ. ವ್ಯಾಸದ ಪುಲ್ಲಿಗೆ ಸುತ್ತಳತೆ 471 ಮಿ.ಮೀ., ಒಂದು ಡಿಗ್ರಿಗೆ 1.3 ಮಿ.ಮೀ., ಹತ್ತು ಡಿಗ್ರಿಗೆ 13. ದಾರ ಸುತ್ತಿ ಅಳೆದರೆ ಸಾಕು.

ಬಲ್ಬ್ ಇಟ್ಟು ಟೈಮಿಂಗ್

ಬಿಚ್ಚಿದ ಬ್ಯಾಟರಿ ವೈರ್ ಈಗ ಹಾಕಿ. ಎಂಜಿನ್ನನ್ನು ಅದು ಓಡುವ ದಿಕ್ಕಿಗೇ ತಿರುಗಿಸಿ ಕಿಡಿಯ ಗುರುತಿಗೆ ತನ್ನಿ. ಗುರುತು ದಾಟಿ ಹೋದರೆ ಅಷ್ಟೇ ವಾಪಸ್ ತರಬೇಡಿ. ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದಕ್ಕೆ ಬನ್ನಿ. ಗೇರ್‌ಗಳ ನಡುವೆ ಆಟ ಇರುತ್ತದೆ, ಹಿಂದಕ್ಕೆ ತಿರುಗಿಸಿ ಗುರುತಿಗೆ ನಿಲ್ಲಿಸಿದರೆ ಆ ಆಟವೂ ಲೆಕ್ಕಕ್ಕೆ ಸೇರಿ ಕೆಲವು ಡಿಗ್ರಿ ತಪ್ಪುತ್ತದೆ.

ರೋಟರ್ ಒಂದನೇ ವೈರಿನ ಕಡೆ ಮುಖ ಮಾಡಿದೆಯಾ ನೋಡಿ. ಬ್ಯಾಟರಿ ವೋಲ್ಟೇಜಿಗೆ ಸರಿಹೊಂದುವ ಸಣ್ಣ ಬಲ್ಬ್ ತೆಗೆದುಕೊಂಡು ಒಂದು ವೈರನ್ನು ಡಿಸ್ಟ್ರಿಬ್ಯೂಟರ್ ಪಕ್ಕದ ತೆಳು ವೈರ್ ಬರುವ ತುದಿಗೆ, ಇನ್ನೊಂದನ್ನು ಎಂಜಿನ್ ಬಾಡಿಗೆ ಕೊಡಿ. ಇಗ್ನಿಷನ್ ಆನ್ ಮಾಡಿ. ಪಾಯಿಂಟ್ ಮುಚ್ಚಿದ್ದರೆ ಕರೆಂಟ್ ಅದರ ಮೂಲಕವೇ ಹೋಗುತ್ತದೆ, ಬಲ್ಬ್ ಆರಿರುತ್ತದೆ. ಪಾಯಿಂಟ್ ತೆರೆದ ಕ್ಷಣ ಬಲ್ಬ್ ಹೊತ್ತುತ್ತದೆ. ಹಳೇ ಟ್ರ್ಯಾಕ್ಟರುಗಳಲ್ಲಿ ಎಷ್ಟೋ ಕಡೆ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಇರುತ್ತದೆ, ಬಲ್ಬಿಗೆ ಅದರ ಚಿಂತೆ ಇಲ್ಲ.

ಕ್ಲ್ಯಾಂಪ್ ಸಡಿಲ ಮಾಡಿ. ಡಿಸ್ಟ್ರಿಬ್ಯೂಟರನ್ನು ರೋಟರ್ ತಿರುಗುವ ದಿಕ್ಕಿಗೆ ತಿರುಗಿಸಿ, ಬಲ್ಬ್ ಆರಲಿ. ಈಗ ಉಲ್ಟಾ ದಿಕ್ಕಿಗೆ, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟು. ಬಲ್ಬ್ ಹೊತ್ತಿದ ಜಾಗದಲ್ಲೇ ನಿಲ್ಲಿಸಿ ಬಿಗಿ ಮಾಡಿ. ರೋಟರ್ ದಿಕ್ಕಿಗೆ ತಿರುಗಿಸಿದರೆ ರಿಟಾರ್ಡ್, ವಿರುದ್ಧ ತಿರುಗಿಸಿದರೆ ಅಡ್ವಾನ್ಸ್, ಇಷ್ಟು ನೆನಪಿರಲಿ. ಡಿಸ್ಟ್ರಿಬ್ಯೂಟರ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ನೀವು ಅದನ್ನು ಒಂದು ಡಿಗ್ರಿ ಸರಿಸಿದರೆ ಕ್ರ್ಯಾಂಕಿನಲ್ಲಿ ಎರಡು ಡಿಗ್ರಿ ಬದಲಾಗುತ್ತದೆ. ನಾನು ಪ್ರತಿ ಸಲ "ಒಂಚೂರು" ಅಂದುಕೊಂಡದ್ದು ಒಂಚೂರು ಆಗಿರಲಿಲ್ಲ ಅನ್ನುವುದು ಇಲ್ಲಿ ಗೊತ್ತಾಗುತ್ತದೆ ಅಲ್ವಾ? ಬಿಗಿ ಮಾಡಿದ ಮೇಲೆ ಎಂಜಿನ್ನನ್ನು ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತು ಬರುವಾಗಲೇ ಬಲ್ಬ್ ಹೊತ್ತುತ್ತದಾ ಅಂತ ಪರೀಕ್ಷೆ ಮಾಡಿ. ಕೆಲಸ ಮುಗಿದರೆ ಇಗ್ನಿಷನ್ ಆಫ್ ಮಾಡಿ, ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಸುಮ್ನೆ ಆನ್ ಬಿಟ್ಟರೆ ಕಾಯಿಲ್ ಸುಡುತ್ತದೆ.

ಮುಂದೆ ಡಿಸ್ಟ್ರಿಬ್ಯೂಟರ್ ಇರುವ ಹಳೇ ಫೋರ್ಡ್‌ಗಳಿಗೆ ಈ ವಿಧಾನ ಇಲ್ಲ. ಅದನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟುಕೊಂಡು ಟೈಮಿಂಗ್ ಇಡಬೇಕು. ಎಂಜಿನ್ನಿಗೆ ಸೇರುವ ಅದರ ಶಾಫ್ಟಿನ ತುದಿಯ ನಾಲಿಗೆ ನಡುವಿನಿಂದ ಸ್ವಲ್ಪ ಸರಿದಿದೆ, ಒಂದೇ ರೀತಿಯಲ್ಲಿ ಕೂರುತ್ತದೆ. ಕೂರದಿದ್ದರೆ ಬೋಲ್ಟ್ ಬಿಗಿ ಮಾಡಿ ಎಳೆದು ಕೂರಿಸಬೇಡಿ, ಬಾಡಿ ಒಡೆಯುತ್ತದೆ. ಅರ್ಧ ಸುತ್ತು ತಿರುಗಿಸಿ ನೋಡಿ.

ಒಂದನೇ ಪ್ಲಗ್ಗಿನ ಕಿಡಿಗೆ ಸರಿಯಾಗಿ ಮಿಂಚುವ ಸ್ಟ್ರೋಬ್ ಲೈಟ್ ಇದ್ದವರು ಎಂಜಿನ್ ಓಡುವಾಗಲೂ ಗುರುತು ನೋಡಬಹುದು. ಒಳಗಿನ ತೂಕಗಳು ಇನ್ನೂ ಕೆಲಸ ಶುರುಮಾಡದಷ್ಟು ಸ್ಲೋ ಇಟ್ಟುಕೊಳ್ಳಿ. 6 ವೋಲ್ಟಿನ ಟ್ರ್ಯಾಕ್ಟರಾದರೆ ಲೈಟಿಗೆ ಬೇರೆ 12 ವೋಲ್ಟ್ ಬ್ಯಾಟರಿಯಿಂದ ಕರೆಂಟ್ ಕೊಡಿ. ಆ ಬೆಳಕಿನಲ್ಲಿ ಫ್ಯಾನ್ ನಿಂತ ಹಾಗೆ ಕಾಣುತ್ತದೆ, ಎಚ್ಚರ.

ಮ್ಯಾಗ್ನೆಟೋ ಇದ್ದರೆ

ಮ್ಯಾಗ್ನೆಟೋಗೆ ಬಲ್ಬ್ ವಿಧಾನ ನಡೆಯುವುದಿಲ್ಲ, ಅದರ ಒಳಗಿನ ಕಾಯಿಲ್ ಪಾಯಿಂಟಿಗೆ ಸೇರಿಕೊಂಡೇ ಇರುತ್ತದೆ, ಬಲ್ಬಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಇಲ್ಲಿ ಕಿವಿ ಬೇಕು. ಹಿಂಭಾಗದಲ್ಲಿ ಇಂಪಲ್ಸ್ ಕಪ್ಲಿಂಗ್ ಅಂತ ಇದೆ. ಹ್ಯಾಂಡಲ್ ವೇಗದಲ್ಲಿ ತಿರುಗಿಸಿದಾಗ ಒಂದು ಕೊಕ್ಕೆ ಮ್ಯಾಗ್ನೆಟೋವನ್ನು ಹಿಡಿದು ನಿಲ್ಲಿಸುತ್ತದೆ, ಒಳಗೆ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ, ಪಿಸ್ಟನ್ ಮೇಲಿನ ತುದಿಗೆ ಬರುವ ಹೊತ್ತಿಗೆ ಕೊಕ್ಕೆ ಬಿಡುತ್ತದೆ, ಸ್ಪ್ರಿಂಗ್ ಟಕ್ ಅಂತ ಮ್ಯಾಗ್ನೆಟೋವನ್ನು ಜೋರಾಗಿ ತಿರುಗಿಸಿ ಒಳ್ಳೇ ಕಿಡಿ ಕೊಡುತ್ತದೆ. ಎಂಜಿನ್ ಓಡತೊಡಗಿದ ಮೇಲೆ ಕೊಕ್ಕೆಗಳು ಹೊರಕ್ಕೆ ಹಾರಿ ದೂರ ಉಳಿಯುತ್ತವೆ, ಕಿಡಿ ತಾನೇ ಮುಂದಕ್ಕೆ ಹೋಗುತ್ತದೆ.

ಹಾಗಾಗಿ ಸಾಮಾನ್ಯ ಲೆಕ್ಕ ಇದು: ಒಂದನೇ ಸಿಲಿಂಡರ್ ಕಂಪ್ರೆಷನ್ನಿನಲ್ಲಿ, ಪುಸ್ತಕ ಹೇಳುವ ಗುರುತಿನಲ್ಲಿ ಟಕ್ ಅನ್ನಬೇಕು. ಸದ್ದು ಮುಂಚೆ ಬಂದರೆ ಅಡ್ವಾನ್ಸ್, ಆಮೇಲೆ ಬಂದರೆ ರಿಟಾರ್ಡ್, ಬೋಲ್ಟ್ ಸಡಿಲಿಸಿ ಮ್ಯಾಗ್ನೆಟೋವನ್ನು ಓರೆ ಮಾಡಿ ಸರಿಪಡಿಸಿ. ಟಕ್ ಸದ್ದೇ ಇಲ್ಲದಿದ್ದರೆ ಟೈಮಿಂಗ್ ಹುಡುಕಬೇಡಿ. ಕೊಕ್ಕೆ ಹಳೇ ಎಣ್ಣೆಯಲ್ಲಿ ಅಂಟಿಕೊಂಡಿದೆ, ಸೀಮೆಎಣ್ಣೆಯಲ್ಲಿ ತೊಳೆಯಿರಿ. ತೊಳೆಯದೆ ಹ್ಯಾಂಡಲ್ ಹೊಡೆದರೆ ಪೂರ್ತಿ ಅಡ್ವಾನ್ಸಿನಲ್ಲಿ ಕಿಡಿ ಬೀಳುತ್ತದೆ, ಒದೆತ ಗ್ಯಾರಂಟಿ. ಎಂಜಿನ್ ಓಡುವಾಗಲೂ ಟಕಟಕ ಅನ್ನುತ್ತಲೇ ಇದ್ದರೆ ಕೊಕ್ಕೆ ಬಿಡುತ್ತಿಲ್ಲ, ರಿಟಾರ್ಡಿನಲ್ಲೇ ಓಡುತ್ತಿದೆ.

ಮ್ಯಾಗ್ನೆಟೋಗೆ ಬ್ಯಾಟರಿ ಬೇಡ ಅನ್ನುವುದನ್ನು ಮರೆಯಬೇಡಿ. ಅದರಿಂದ ಸ್ವಿಚ್ಚಿಗೆ ಹೋಗುವ ವೈರ್ ಬಾಡಿಗೆ ತಾಗಿದರೆ ಆಫ್. ಆ ವೈರ್ ಕಳಚಿದ್ದರೆ ಸ್ವಿಚ್ ಆಫ್ ಇದ್ದರೂ ಅದು ಆನ್. ಪ್ಲಗ್ ಬಿಚ್ಚದೆ ಫ್ಯಾನ್ ಹಿಡಿದು ತಿರುಗಿಸಿದರೆ ಎಂಜಿನ್ ಹೊಡೆದುಬಿಡಬಹುದು.

ಸ್ಟಾರ್ಟ್ ಮಾಡುವಾಗ

ಗೇರ್ ನ್ಯೂಟ್ರಲ್ ಇದೆಯಾ ಎರಡು ಸಲ ನೋಡಿ. ಕಿಡಿ ಹಿಂದೆಮುಂದೆ ಮಾಡುವ ಲಿವರ್ ಇದ್ದರೆ ರಿಟಾರ್ಡಿಗೆ ತನ್ನಿ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕಕ್ಕೇ ಇರಲಿ, ಸುತ್ತಿ ಹಿಡಿಯಬೇಡಿ. ಕೆಳಗಿನಿಂದ ಮೇಲಕ್ಕೆ ಎಳೆಯಿರಿ, ಮೇಲಿನಿಂದ ಕೆಳಕ್ಕೆ ಮೈಭಾರ ಹಾಕಿ ತಳ್ಳಬೇಡಿ. ಹೀಗಿದ್ದರೆ ಒದ್ದಾಗ ಹ್ಯಾಂಡಲ್ ಬೆರಳುಗಳಿಂದ ಜಾರಿ ಹೋಗುತ್ತದೆ. ನಾನು ಸುತ್ತಿ ಹಿಡಿದಿದ್ದೆ, ತಳ್ಳಿದ್ದೆ, ಎರಡೂ.

ಸ್ಲೋದಲ್ಲಿ ಚೆನ್ನಾಗಿ ಓಡಿತು ಅಂತ ಕೆಲಸ ಮುಗಿಯಲಿಲ್ಲ. ನೀರು ಬಿಸಿಯಾಗುವವರೆಗೆ ಓಡಿಸಿ, ಆಮೇಲೆ ನಿಜವಾದ ಲೋಡ್ ಕೊಡಿ. ಕಟಕಟ ಬಂದರೆ ಒಂದೆರಡು ಡಿಗ್ರಿ ಹಿಂದಕ್ಕೆ. ಸೀಮೆಎಣ್ಣೆಗೆ ಬದಲಿಸುವ ಎಂಜಿನ್ನಾದರೆ ಪರೀಕ್ಷೆಯನ್ನು ಸೀಮೆಎಣ್ಣೆಯಲ್ಲೇ ಮಾಡಿ, ಪೆಟ್ರೋಲಿನಲ್ಲಿ ಸದ್ದಿಲ್ಲದೆ ಓಡಿದ್ದು ಅಲ್ಲಿ ಸದ್ದು ಮಾಡಬಹುದು. ಅರ್ಧ ಗಂಟೆ ಎಳೆದ ಮೇಲೂ ಸೋಲದೆ, ಮ್ಯಾನಿಫೋಲ್ಡ್ ಕೆಂಪಾಗದೆ ಇದ್ದರೆ ಡಿಸ್ಟ್ರಿಬ್ಯೂಟರ್ ಬಾಡಿ ಮತ್ತು ಎಂಜಿನ್ ಸೇರುವ ಜಾಗದಲ್ಲಿ ಉಳಿಯಿಂದ ಒಂದು ಗೆರೆ ಹೊಡೆಯಿರಿ, ಬಣ್ಣದ ಗುರುತಾದರೆ ಅಳಿಸಿ ಹೋಗುತ್ತದೆ.

ಹೊಸ ಪಾಯಿಂಟಿನ ಫೈಬರ್ ತುಂಡು ಮೊದಲ ಕೆಲವು ಗಂಟೆ ಸ್ವಲ್ಪ ಬೇಗ ಸವೆದು ಕ್ಯಾಮಿಗೆ ಹೊಂದಿಕೊಳ್ಳುತ್ತದೆ. ಹತ್ತು ಗಂಟೆ ಓಡಿದ ಮೇಲೆ ಒಮ್ಮೆ ಕ್ಯಾಪ್ ತೆಗೆದು ಗ್ಯಾಪ್ ಅಳೆಯಿರಿ. ಕಡಿಮೆಯಾಗಿದ್ದರೆ ಗ್ಯಾಪನ್ನೇ ಸರಿಮಾಡಿ. ಉಳಿ ಗೆರೆ ಕೂಡಿಕೊಂಡಿದ್ದರೆ ಕ್ಲ್ಯಾಂಪ್ ಬೋಲ್ಟಿಗೆ ಪಾನ ಹಾಕಬೇಡಿ.